ಜಾಲತಾಣದ ಗ್ರಂಥಸೂಚಿ ಮತ್ತು ಶೋಧಯಂತ್ರ

ಹಸ್ತಪ್ರತಿಗಳ ಸೂಚಿಯನ್ನು ರಚಿಸುವುದು ಒಂದು ಕಾರ್ಯ. ರಚಿತವಾದ ಸೂಚಿಯು ಜಿಜ್ಞಾಸುವಿನ ಕೈಗೆ ಎಟುಕುವಂತೆ ಮಾಡುವುದು ಮತ್ತೊಂದು ಕಾರ್ಯ. ಎಚ್. ಡಿ. ವೇಲಣಕರರ 'ಜಿನರತ್ನಕೋಶ'ವು 1944ರಲ್ಲಿ ಪುಣೆಯಿಂದಲೂ, ಕೆ. ಭುಜಬಲಿ ಶಾಸ್ತ್ರಿಗಳ 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ'ಯು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದಲೂ ಪ್ರಕಟವಾದಾಗ ಈ ಎರಡು ಕಾರ್ಯಗಳೂ ಒಂದೇ ಯತ್ನದಿಂದ ನೆರವೇರಿದುವು. ಸೂಚಿಯು ಅಚ್ಚಾಯಿತೆಂದರೆ ಗ್ರಂಥಾಲಯಗಳಿಗೆ ತಲಪಿತೆಂದೇ ಅರ್ಥ. ಪುಟವನ್ನು ತೆರೆದವನಿಗೆ ಅದರ ಪ್ರತಿಯೊಂದು ಪಂಕ್ತಿಯೂ ಕಣ್ಣಿಗೆ ಬೀಳುತ್ತಿತ್ತು. ಈಚೆಗೆ ಸೂಚಿಗಳು ಅಂತರ್ಜಾಲದ ತಾಣಗಳಲ್ಲಿ ಪ್ರಕಟವಾಗತೊಡಗಿದ ಮೇಲೆ ಈ ಎರಡು ಕಾರ್ಯಗಳು ಬೇರೆಬೇರೆಯಾಗಿವೆ. ಸೂಚಿಯು ತಾಣದಲ್ಲಿ ಇರುತ್ತದೆ. ಆದರೆ ಹುಡುಕುವವನಿಗೆ ಕಾಣುವುದಿಲ್ಲ.

ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. ಒಂದು ಗ್ರಂಥದ ಪರಿಷ್ಕರಣಕ್ಕೆ ತೊಡಗಿದ ವಿದ್ವಾಂಸನು ಇಂದು ಮೊದಲು ಮಾಡುವ ಕೆಲಸವೆಂದರೆ ಗೂಗಲ್ ಮೊದಲಾದ ಶೋಧಯಂತ್ರದಲ್ಲಿ ಗ್ರಂಥನಾಮವನ್ನು ಬರೆದು ನೋಡುವುದು. ಎರಡು ಪ್ರತಿಗಳ ಸುಳಿವು ದೊರೆತರೆ ಎರಡನ್ನೇ ಆಧರಿಸಿ ಪಾಠನಿರ್ಣಯ ಮಾಡುತ್ತಾನೆ. ಲಿಪಿಕಾರನ ಸ್ಖಾಲಿತ್ಯದಿಂದ ಎರಡರಲ್ಲಿಯೂ ಲುಪ್ತವಾದ ಗಾಹೆಯು ಮೂರನೆಯ ಪ್ರತಿಯಲ್ಲಿ ಇದ್ದಿರಬಹುದು. ಆ ಮೂರನೆಯ ಪ್ರತಿಯ ವಿವರವು ಯಾವುದೋ ಭಂಡಾರದ ತಾಣದಲ್ಲಿ ಸಾವಧಾನವಾಗಿ ದಾಖಲಾಗಿಯೂ ಇರಬಹುದು. ಆದರೂ ಅದು ಪರಿಷ್ಕರ್ತನ ಪಾಲಿಗೆ ಇಲ್ಲದಂತೆಯೇ. ಈ ದೋಷಕ್ಕೆ ಬಹುತೇಕ ಸಂದರ್ಭಗಳಲ್ಲಿ ಸೂಚಿಕಾರರ ಪಾಂಡಿತ್ಯದ ಕೊರತೆಯು ಕಾರಣವಲ್ಲ, ತಾಣದ ರಚನಾಕ್ರಮವು ಕಾರಣ. ಆದುದರಿಂದ ಆ ಕ್ರಮವನ್ನು ತಂತ್ರಜ್ಞರಿಗೇ ಬಿಟ್ಟುಕೊಡದೆ ವಿದ್ವಾಂಸರೂ ತಿಳಿದಿರುವುದು ಅವಶ್ಯಕ.

ಶೋಧಯಂತ್ರವು ಮಾಡುವ ಕೆಲಸವನ್ನು ಮೂರು ಹಂತಗಳಲ್ಲಿ ಹೇಳಬಹುದು. ಅದರ ಸಂಚಾರಿ ತಂತ್ರಾಂಶವು ಒಂದು ಪುಟದಲ್ಲಿರುವ ಕೊಂಡಿಯನ್ನು ಹಿಡಿದು ಮತ್ತೊಂದು ಪುಟಕ್ಕೆ ಹೋಗುತ್ತದೆ. ಹೋದಲ್ಲಿ ಕಂಡ ಪಠ್ಯವನ್ನು ಓದಿ ತನ್ನ ಅನುಕ್ರಮಣಿಕೆಯಲ್ಲಿ ಸೇರಿಸಿಕೊಳ್ಳುತ್ತದೆ. ಯಾರಾದರೂ ಪ್ರಶ್ನೆ ಕೇಳಿದಾಗ ಆ ಅನುಕ್ರಮಣಿಕೆಯಿಂದ ಪುಟಗಳನ್ನು ಆರಿಸಿ, ಯೋಗ್ಯತಾನುಸಾರ ಒಂದರ ಕೆಳಗೊಂದರಂತೆ ಪಟ್ಟಿ ಮಾಡಿ ತೋರಿಸುತ್ತದೆ. ಪ್ರಶ್ನೆ ಕೇಳಿದ ಗಳಿಗೆಯಲ್ಲಿ ಅದು ಜಗತ್ತಿನ ತಾಣಗಳನ್ನೆಲ್ಲ ಹುಡುಕುತ್ತದೆಂಬ ಭಾವನೆ ಸಾಮಾನ್ಯವಾಗಿದೆ, ಅದು ಸರಿಯಲ್ಲ. ಮೊದಲೇ ಓದಿಟ್ಟುಕೊಂಡದ್ದನ್ನು ಮಾತ್ರ ಅದು ಹೇಳಬಲ್ಲದು. ಆದುದರಿಂದ ಪಟ್ಟಿಯಲ್ಲಿ ಮೇಲಿನ ಸ್ಥಾನ ದೊರಕಿಸುವ ಚರ್ಚೆಗೆ ಮುಂಚೆ, ಪುಟವು ಯಂತ್ರದ ಕಣ್ಣಿಗೆ ಬಿದ್ದಿದೆಯೇ ಎಂಬುದು ವಿಚಾರಣೀಯ.

ಹಸ್ತಪ್ರತಿಸೂಚಿಗಳು ಎಡವುವುದು ಇಲ್ಲಿಯೇ. ಸಾಮಾನ್ಯವಾಗಿ ಇಂಥ ತಾಣದಲ್ಲಿ ಮುಖಪುಟ, ಸಂಸ್ಥೆಯ ಪರಿಚಯ, ಛಾಯಾಚಿತ್ರಗಳು, ಆ ಮೇಲೆ 'ಗ್ರಂಥನಾಮ, ಕರ್ತೃ, ವಿಷಯ' ಎಂಬ ಖಾಲಿ ಚೌಕಗಳುಳ್ಳ ಒಂದು ಹುಡುಕುಪಟ್ಟಿ ಇರುತ್ತವೆ. ಹೆಸರನ್ನು ತುಂಬಿ ಗುಂಡಿಯನ್ನೊತ್ತಿದರೆ ಮಾತ್ರ ಪ್ರತಿಯ ವಿವರ ಹೊರಬರುತ್ತದೆ. ಮನುಷ್ಯನು ಚೌಕವನ್ನು ತುಂಬಬಲ್ಲನು. ಸಂಚಾರಿ ತಂತ್ರಾಂಶವು ಸಾಮಾನ್ಯವಾಗಿ ತುಂಬುವುದಿಲ್ಲ, ಏನನ್ನು ತುಂಬಬೇಕೆಂಬುದು ಅದಕ್ಕೆ ತಿಳಿಯದು. ಕೊಂಡಿಯಿದ್ದರೆ ಹೋಗುತ್ತದೆ, ಇಲ್ಲದಿದ್ದರೆ ಹಿಂದಿರುಗುತ್ತದೆ. ಹೀಗೆ ಸಾವಿರ ಪ್ರತಿಗಳ ವಿವರವುಳ್ಳ ತಾಣವು ಯಂತ್ರದ ದೃಷ್ಟಿಯಲ್ಲಿ ಐದಾರು ಪುಟಗಳ ತಾಣವಾಗಿ ಉಳಿಯುತ್ತದೆ. ಭಂಡಾರದ ಬೀಗದ ಕೈ ಮುದುಕರಾದ ಭಂಡಾರಿಗಳೊಬ್ಬರ ಬಳಿಯೇ ಇದ್ದು, ಕೇಳಿದವರಿಗೆ ಮಾತ್ರ ಕಟ್ಟು ಹೊರಬರುತ್ತಿದ್ದ ಕಾಲವನ್ನು ಇದು ನೆನಪಿಗೆ ತರುತ್ತದೆ.

ಪರಿಹಾರವು ಸರಳ. ಹುಡುಕುಪಟ್ಟಿಯನ್ನು ತೆಗೆಯಬೇಕಾಗಿಲ್ಲ, ಅದರ ಜೊತೆಗೆ, ಪ್ರತಿಯೊಂದು ಹಸ್ತಪ್ರತಿಗೂ ತನ್ನದೇ ಆದ ಪುಟ, ಆ ಪುಟಕ್ಕೆ ತನ್ನದೇ ಆದ ವಿಳಾಸ, ಆ ವಿಳಾಸಕ್ಕೆ ಸಾಧಾರಣ ಕೊಂಡಿಗಳ ಮೂಲಕ ಮುಖಪುಟದಿಂದ ದಾರಿ, ಇಷ್ಟನ್ನು ಒದಗಿಸಬೇಕು.

ಆದರೆ 'ಪ್ರತಿಯೊಂದಕ್ಕೂ ಒಂದು ಪುಟ' ಎಂದೊಡನೆ ಸೂಚಿಶಾಸ್ತ್ರದ ಹಳೆಯ ತೊಡಕು ಎದುರಾಗುತ್ತದೆ. ಓಲೆಯ ಒಂದು ಕಟ್ಟಿನಲ್ಲಿ ಒಂದೇ ಕೃತಿ ಇರಬೇಕೆಂಬ ನಿಯಮವಿಲ್ಲ. ಮೊದಲ ಗರಿಗಳಲ್ಲಿ ತತ್ತ್ವಾರ್ಥಸೂತ್ರ, ಆ ಮೇಲೆ ರತ್ನಕರಂಡಕ ಶ್ರಾವಕಾಚಾರ, ಕೊನೆಗೆ ಯಾವುದೋ ಸ್ತೋತ್ರ, ಹೀಗೆ ಸಂಕಲಿತವಾದ ಕಟ್ಟುಗಳು ಭಂಡಾರಗಳಲ್ಲಿ ಹೇರಳವಾಗಿವೆ. ಕಟ್ಟಿಗೆ ಒಂದು ಪುಟವನ್ನು ಮಾತ್ರ ಕೊಟ್ಟು ಮೊದಲ ಕೃತಿಯ ಹೆಸರನ್ನೇ ಶೀರ್ಷಿಕೆಯಾಗಿಟ್ಟರೆ ಉಳಿದೆರಡು ಕೃತಿಗಳು ಮರೆಯಾಗುತ್ತವೆ. ಬದಲಾಗಿ ಕೃತಿಗೆ ಮಾತ್ರ ಪುಟವನ್ನು ಕೊಟ್ಟು ಅದರ ಪ್ರತಿಗಳನ್ನೆಲ್ಲ ಅಲ್ಲಿಯೇ ತುಂಬಿದರೆ ಕಟ್ಟಿನ ಭೌತಿಕ ಸ್ವರೂಪ, ಎಂದರೆ ಗರಿಗಳ ಸಂಖ್ಯೆ, ಪಂಕ್ತಿ, ಸ್ಥಿತಿ, ಲಿಪಿಕಾರನ ಪ್ರಶಸ್ತಿ ಇವು ಚದರಿಹೋಗುತ್ತವೆ.

ಆದುದರಿಂದ ಮೂರು ಬಗೆಯ ಪುಟಗಳು ಬೇಕು. ಕೃತಿಯ ಪುಟವು ಒಂದು: ಕೃತಿಯ ಹೆಸರು, ನಾಮಾಂತರಗಳು, ಕರ್ತೃ, ಭಾಷೆ, ಮುದ್ರಿತವಾಗಿದ್ದರೆ ಅದರ ಉಲ್ಲೇಖ, ಈ ಭಂಡಾರದಲ್ಲಿ ಅದರ ಪ್ರತಿಗಳು ಯಾವುವು ಎಂಬುದು ಅಲ್ಲಿರಬೇಕು. ಪ್ರತಿಯ ಪುಟವು ಎರಡನೆಯದು: ಇಂಥ ಕ್ರಮಾಂಕದ ಕಟ್ಟಿನಲ್ಲಿ ಇಂಥ ಗರಿಯಿಂದ ಇಂಥ ಗರಿಯವರೆಗೆ ಇರುವ ಪಠ್ಯದ ಆದ್ಯಂತಗಳು, ಸಮಾಪ್ತಿವಾಕ್ಯ, ಲಿಪಿಕಾಲ. ಮೂರನೆಯದು ಕಟ್ಟಿನ ಪುಟ. ಅದು ಒಳಗಿನ ಕೃತಿಗಳನ್ನು ಕ್ರಮವಾಗಿ ತೋರಿಸತಕ್ಕದ್ದು. ಈ ಮೂರೂ ಪರಸ್ಪರ ಕೊಂಡಿಗಳಿಂದ ಬಂಧಿತವಾಗಿರಬೇಕು. ಹೀಗಾದಾಗ ಒಂದು ಲಾಭವು ತಾನಾಗಿಯೇ ಒದಗುತ್ತದೆ. ಒಂದೇ ಸೂತ್ರಗ್ರಂಥದ ಹದಿನಾಲ್ಕು ಪ್ರತಿಗಳಿಗೆ ಹದಿನಾಲ್ಕು ಪುಟಗಳಿದ್ದು, ಅವುಗಳಲ್ಲಿ ಹೆಸರೂ ಕರ್ತೃವೂ ಬಿಟ್ಟರೆ ಬೇರೇನೂ ಇಲ್ಲದಿದ್ದರೆ, ಶೋಧಯಂತ್ರವು ಅವೆಲ್ಲವೂ ಒಂದೇ ಎಂದು ಬಗೆದು ಒಂದನ್ನು ಇಟ್ಟುಕೊಂಡು ಉಳಿದವನ್ನು ಬಿಡುವುದುಂಟು. ಆದ್ಯಂತಗಳೂ ಪ್ರಶಸ್ತಿಯೂ ಅಕ್ಷರಶಃ ಕೊಡಲ್ಪಟ್ಟಿದ್ದರೆ ಪ್ರತಿಯೊಂದು ಪುಟವೂ ಬೇರೆಯಾಗಿ ನಿಲ್ಲುತ್ತದೆ. ಪ್ರಶಸ್ತಿಯನ್ನು ಪೂರ್ಣವಾಗಿ ಕೊಡಬೇಕೆಂದು ಹಿಂದಿನ ಸೂಚಿಕಾರರು ಒತ್ತಿ ಹೇಳಿದ್ದು ಬೇರೆ ಕಾರಣಕ್ಕೆ. ಅದು ಇಲ್ಲಿಯೂ ಫಲಿಸುತ್ತದೆ. ಸ್ಥಳದ ಉಳಿತಾಯಕ್ಕಾಗಿ ಮುದ್ರಿತ ಸೂಚಿಯಲ್ಲಿ ಬಿಟ್ಟದ್ದನ್ನು ತಾಣದಲ್ಲಿಯೂ ಬಿಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ವಿಳಾಸದ ವಿಷಯದಲ್ಲಿ ಮುಖ್ಯವಾದ ಗುಣ ಸ್ಥಿರತೆ. ಗ್ರಂಥನಾಮವನ್ನು ಕನ್ನಡ ಲಿಪಿಯಲ್ಲಿಯೇ ವಿಳಾಸದಲ್ಲಿ ಇರಿಸಬಹುದು. ಯಂತ್ರಕ್ಕೆ ಅದರಿಂದ ತೊಂದರೆಯಿಲ್ಲ. ಆದರೆ ಅದನ್ನು ಬೇರೆಡೆಗೆ ನಕಲು ಮಾಡಿದಾಗ ಒಂದೊಂದು ಅಕ್ಷರಸಂಕೇತವೂ ಒಂಬತ್ತು ಚಿಹ್ನೆಗಳ ಗುಂಪಾಗಿ ಬಿಚ್ಚಿಕೊಂಡು, ಲೇಖನದ ಅಡಿಟಿಪ್ಪಣಿಯಲ್ಲಿ ಮುದ್ರಿಸಲಾರದಷ್ಟು ಉದ್ದವಾಗುತ್ತದೆ. ಭಂಡಾರದ ಕ್ರಮಾಂಕವನ್ನೇ ಆಧರಿಸಿದ ಗಿಡ್ಡ ವಿಳಾಸವು ಇದಕ್ಕಿಂತ ಮೇಲು. ಹೆಸರಿನ ನಿರ್ಣಯ ಬದಲಾಗಬಹುದು, ಕರ್ತೃವಿನ ನಿರ್ಣಯವಂತೂ ಎಷ್ಟೋ ವೇಳೆ ಬದಲಾಗುತ್ತದೆ, ಕ್ರಮಾಂಕ ಬದಲಾಗಬಾರದು.

ಇನ್ನು ಪುಟಗಳ ಜೋಡಣೆ. ಒಂದು ಭಂಡಾರದಲ್ಲಿ 1,200 ಪ್ರತಿಗಳಿವೆಯೆಂದು ಇಟ್ಟುಕೊಳ್ಳೋಣ. ಇಪ್ಪತ್ತಿಪ್ಪತ್ತರಂತೆ ಪಟ್ಟಿ ಮಾಡಿ ಪ್ರತಿಯೊಂದರ ಕೆಳಗೆ 'ಮುಂದಿನ ಪುಟ' ಎಂಬ ಒಂದೇ ಕೊಂಡಿಯನ್ನಿಟ್ಟರೆ ಅರುವತ್ತು ಪುಟಗಳಾಗುತ್ತವೆ. ಕೊನೆಯ ಪ್ರತಿಯನ್ನು ಮುಟ್ಟಲು ಸುಮಾರು ಅರುವತ್ತು ಹೆಜ್ಜೆ ನಡೆಯಬೇಕು. ಅಷ್ಟು ಆಳದಲ್ಲಿರುವ ಪುಟವನ್ನು ಸಂಚಾರಿ ತಂತ್ರಾಂಶವು ತಡವಾಗಿ ತಲಪುತ್ತದೆ, ಕೆಲವೊಮ್ಮೆ ತಲಪುವುದೇ ಇಲ್ಲ. ಅದೇ ಪ್ರತಿಗಳನ್ನು ವಿಷಯಾನುಸಾರವಾಗಿ ಸಿದ್ಧಾಂತ, ಪುರಾಣ, ಶ್ರಾವಕಾಚಾರ, ನ್ಯಾಯ, ವ್ಯಾಕರಣ, ವೈದ್ಯ, ಗಣಿತ, ಸ್ತೋತ್ರ ಎಂದು ವಿಂಗಡಿಸಿ, ಅದರೊಳಗೆ ಅಕಾರಾದಿಯಾಗಿ ಕೃತಿಗಳನ್ನು ಇರಿಸಿದರೆ ಮುಖಪುಟದಿಂದ ಮೂರು ನಾಲ್ಕು ಹೆಜ್ಜೆಗಳಲ್ಲಿ ಯಾವ ಪ್ರತಿಯನ್ನಾದರೂ ಮುಟ್ಟಬಹುದು. ಕರ್ತೃಸೂಚಿಯೊಂದು ಪ್ರತ್ಯೇಕವಾಗಿದ್ದರೆ ಎರಡನೆಯ ದಾರಿಯಾಯಿತು. ಪ್ರತಿಯ ಪುಟದ ಮೇಲ್ಭಾಗದಲ್ಲಿ 'ಸೂಚಿ, ಪುರಾಣ, ಆದಿಪುರಾಣ, ಕ್ರಮಾಂಕ' ಎಂದು ಬಂದ ದಾರಿಯನ್ನು ಕೊಂಡಿಗಳಾಗಿ ತೋರಿಸುವುದು ಓದುಗನಿಗೂ ಯಂತ್ರಕ್ಕೂ ಸಮಾನವಾಗಿ ಉಪಕಾರಕ.

ಇದಕ್ಕೆ ವಿರುದ್ಧವಾದ ಅತಿರೇಕವೂ ಇದೆ. ಐದು ಭಾಷೆಗಳು, ಎಂಟು ವಿಷಯಗಳು, ಮೂರು ಲಿಪಿಗಳು, ನಾಲ್ಕು ಬಗೆಯ ಅನುಕ್ರಮಗಳು, ಇವುಗಳಲ್ಲಿ ಒಂದೊಂದನ್ನು ಆರಿಸಿದಾಗಲೂ ತಾಣವು ಹೊಸ ವಿಳಾಸವನ್ನು ಹುಟ್ಟಿಸುವಂತಿದ್ದರೆ 480 ಪಟ್ಟಿಗಳು ಏಳುತ್ತವೆ. ಒಳಗಿರುವ ಸಾಮಗ್ರಿಯೋ ಅದೇ. ಯಂತ್ರವು ಈ ಪಟ್ಟಿಗಳಲ್ಲಿಯೇ ಅಲೆದು ದಣಿದು ನಿಜವಾದ ಪ್ರತಿಯ ಪುಟಗಳನ್ನು ಬಿಟ್ಟುಬಿಡುವುದುಂಟು. ಒಂದೇ ಪುಟವು ಹಲವು ವಿಳಾಸಗಳಲ್ಲಿ ದೊರೆಯುವಾಗ ಇವುಗಳಲ್ಲಿ ಪ್ರಧಾನವಾದುದು ಯಾವುದೆಂದು ಸೂಚಿಸುವ 'ಕೆನಾನಿಕಲ್' ಎಂಬ ಗುರುತನ್ನು 2009ರಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಸಂಸ್ಥೆಗಳು ಒಟ್ಟಾಗಿ ಅಂಗೀಕರಿಸಿದುವು. ಇದು ಸಲಹೆಯೇ ಹೊರತು ಆಜ್ಞೆಯಲ್ಲ. ಆದರೂ ಇದನ್ನು ಬಳಸತಕ್ಕದ್ದು.

ಮೇಲೆ ಹೇಳಿದ್ದು ಅಸ್ಥಿಪಂಜರ. ಹೆಸರುಗಳ ವಿಷಯಕ್ಕೆ ಬಂದಾಗ ತಂತ್ರಜ್ಞನು ಸುಮ್ಮನಾಗಿ ಪಂಡಿತನು ಮಾತನಾಡಬೇಕಾಗುತ್ತದೆ. ಶೋಧಯಂತ್ರವು ಅಕ್ಷರವನ್ನು ನಂಬುತ್ತದೆ. ಕುಂದಕುಂದಾಚಾರ್ಯರ ಸಮಯಸಾರವೂ ಸಮಯಪಾಹುಡವೂ ಸಮಯಪ್ರಾಭೃತವೂ ಒಂದೇ ಎಂಬುದು ಪಾಠಶಾಲೆಯ ವಿದ್ಯಾರ್ಥಿಗೂ ತಿಳಿದ ಸಂಗತಿ. ಪುಟದಲ್ಲಿ ಬರೆಯದಿದ್ದರೆ ಯಂತ್ರಕ್ಕೆ ಅದು ತಿಳಿಯುವ ಭರವಸೆಯಿಲ್ಲ. ಕಸಾಯಪಾಹುಡ ಎಂದು ಬರೆದ ಪುಟವು ಕಷಾಯಪ್ರಾಭೃತವೆಂದು ಹುಡುಕಿದವನಿಗೆ ದೊರೆಯದೆ ಹೋಗಬಹುದು. ತತ್ತ್ವಾರ್ಥಸೂತ್ರಕ್ಕೆ ಮೋಕ್ಷಶಾಸ್ತ್ರವೆಂಬ ಹೆಸರೂ ಇದೆ, ಕರ್ತೃವಿಗೆ ಉಮಾಸ್ವಾಮಿ, ಉಮಾಸ್ವಾತಿ, ಗೃಧ್ರಪಿಂಛ ಎಂಬ ಹೆಸರುಗಳೂ ಇವೆ. ಸಾಲದುದಕ್ಕೆ ಜನರು 'ತತ್ತ್ವಾರ್ಥ' ಎಂದು ಬರೆಯುವುದಕ್ಕಿಂತ ಒಂದು ತಕಾರವನ್ನು ಬಿಟ್ಟು 'ತತ್ವಾರ್ಥ' ಎಂದು ಬರೆಯುವುದೇ ಹೆಚ್ಚು. ಧವಲಾ ಟೀಕೆಯನ್ನು ಕನ್ನಡಿಗರು ಧವಳಾ ಎಂದೂ ಬರೆಯುತ್ತಾರೆ. ಅಶುದ್ಧರೂಪವನ್ನು ಸೂಚಿಯಲ್ಲಿ ಸೇರಿಸುವುದು ಹೇಗೆಂದು ಶಾಸ್ತ್ರನಿಷ್ಠರು ಸಂಕೋಚಪಡಬಹುದು. ಶುದ್ಧರೂಪವು ಶೀರ್ಷಿಕೆಯಲ್ಲಿರಲಿ, 'ನಾಮಾಂತರಗಳು, ರೂಢಿಯ ಬರಹಗಳು' ಎಂಬ ಒಂದು ಸಾಲಿನಲ್ಲಿ ಉಳಿದವು ಬರಲಿ. ಲಿಪಿಕಾರನ ಅಪಪಾಠವನ್ನು ಅಡಿಯಲ್ಲಿ ಸೂಚಿಸುವವನು ಅದನ್ನು ಒಪ್ಪಿದಂತಾಗುವುದಿಲ್ಲವಷ್ಟೆ.

ಕಣ್ಣಿಗೆ ಕಾಣದ ಭೇದಗಳು ಇನ್ನೂ ಸೂಕ್ಷ್ಮ. 'ಷಟ್ಖಂಡಾಗಮ' ಎಂದು ಒತ್ತಕ್ಷರದಿಂದಲೂ 'ಷಟ್‌ಖಂಡಾಗಮ' ಎಂದು ಬಿಡಿಸಿಯೂ ಬರೆಯುವುದುಂಟು. ಎರಡನೆಯದರಲ್ಲಿ ಟಕಾರದ ಮುಂದೆ ಅಗೋಚರವಾದ ಒಂದು ಸಂಕೇತ ಅಡಗಿರುತ್ತದೆ. ಕನ್ನಡದ ಅನುಸ್ವಾರವೂ ಕನ್ನಡದ ಸೊನ್ನೆ ಅಂಕಿಯೂ ನೋಟಕ್ಕೆ ಒಂದೇ ಬಗೆಯಾದ್ದರಿಂದ ಬೆರಳಚ್ಚುಗಾರನು 'ಪಂಪ' ಎಂಬಲ್ಲಿ ಅಂಕಿಯನ್ನೊತ್ತಿ 'ಪ೦ಪ' ಎಂದು ಮಾಡಿದ್ದರೆ ಓದುಗನಿಗೆ ಭೇದವೇ ತಿಳಿಯದು, ಯಂತ್ರಕ್ಕೆ ಅದು ಬೇರೆಯೇ ಪದ. ಇದಕ್ಕಿಂತ ದೊಡ್ಡ ಹಾನಿ ಹಳೆಯ ಅಕ್ಷರವಿನ್ಯಾಸಗಳಿಂದ ಆಗಿದೆ. ಯೂನಿಕೋಡ್ ಬಳಕೆ ಹರಡುವ ಮುನ್ನ ಸಿದ್ಧವಾದ ಅನೇಕ ಕಡತಗಳಲ್ಲಿ ಕನ್ನಡದ ಆಕಾರವು ತೋರಿಕೆಗೆ ಮಾತ್ರ; ಒಳಗಿರುವುದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಅರ್ಥವಿಲ್ಲದ ಸರಣಿ. ಯಂತ್ರವು ಆ ಸರಣಿಯನ್ನೇ ಓದುತ್ತದೆ. ಅಂಥ ಸೂಚಿಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಕೆಟ್ಟ ಒತ್ತಕ್ಷರಗಳನ್ನೂ ಅರ್ಕಾವತ್ತುಗಳನ್ನೂ ತಿದ್ದಿದ ಹೊರತು ಬೇರೆ ಯಾವ ಸುಧಾರಣೆಯೂ ವ್ಯರ್ಥ. ಹಳಗನ್ನಡದ ಱ, ೞ ಎಂಬ ಅಕ್ಷರಗಳಿಗೂ ಯೂನಿಕೋಡಿನಲ್ಲಿ ಸ್ಥಾನವಿದೆ. ಆದ್ಯಂತಗಳನ್ನು ಕೊಡುವಾಗ ಇವನ್ನು ರಕಾರ ಳಕಾರಗಳಾಗಿ ಬದಲಿಸಬೇಕಾಗಿಲ್ಲ.

ಪುಟದ ಶೀರ್ಷಿಕೆಗೆ, ಎಂದರೆ ಶೋಧಫಲಿತಾಂಶದಲ್ಲಿ ದಪ್ಪವಾಗಿ ಕಾಣುವ ಸಾಲಿಗೆ, ವಿಶೇಷ ಬೆಲೆಯುಂಟು. ಅನೇಕ ತಾಣಗಳಲ್ಲಿ ಎಲ್ಲ ಪುಟಗಳಿಗೂ ಸಂಸ್ಥೆಯ ಹೆಸರೇ ಶೀರ್ಷಿಕೆ. ಸಾವಿರ ಕಟ್ಟುಗಳ ಹಲಗೆಗಳ ಮೇಲೆ ಗ್ರಂಥನಾಮಕ್ಕೆ ಬದಲಾಗಿ ಮಠದ ಹೆಸರನ್ನು ಬರೆದಂತೆ ಇದು. 'ಆದಿಪುರಾಣ' ಎಂದಷ್ಟೇ ಬರೆದರೂ ಸಾಲದು. ಸಂಸ್ಕೃತದಲ್ಲಿ ಜಿನಸೇನಾಚಾರ್ಯರದು, ಕನ್ನಡದಲ್ಲಿ ಪಂಪನದು. 'ಆದಿಪುರಾಣ, ಪಂಪ, ಕನ್ನಡ, ಓಲೆಪ್ರತಿ, ಕ್ರಮಾಂಕ ಇಂಥದು' ಎಂದಿದ್ದರೆ ಸಂದೇಹಕ್ಕೆ ಎಡೆಯಿಲ್ಲ. ಭಾಷೆಯನ್ನೂ ಲಿಪಿಯನ್ನೂ ಬೇರೆಬೇರೆಯಾಗಿ ಹೇಳುವುದು ಅವಶ್ಯ. ಮೂಡಬಿದಿರೆಯ ಧವಲಾದಿ ತಾಡಪತ್ರಗಳ ಭಾಷೆಯು ಪ್ರಧಾನವಾಗಿ ಪ್ರಾಕೃತ, ಲಿಪಿಯು ಹಳಗನ್ನಡದ್ದು. 'ಕನ್ನಡ' ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಪ್ರಾಕೃತವಿದ್ವಾಂಸನು ಅತ್ತ ತಿರುಗಿಯೂ ನೋಡನು. ಕಾಲವನ್ನು ಶಕವರ್ಷದಲ್ಲಿಯೂ ಕ್ರಿಸ್ತಶಕದಲ್ಲಿಯೂ ಕೊಡುವುದು ಒಳ್ಳೆಯದು. ಗೊಮ್ಮಟಸಾರಕ್ಕೆ ಕೇಶವಣ್ಣನು ಕನ್ನಡವೃತ್ತಿಯನ್ನು ಬರೆದದ್ದನ್ನು ಒಬ್ಬನು 1281 ಎಂಬ ಶಕವರ್ಷದಿಂದ ಹುಡುಕಿದರೆ ಇನ್ನೊಬ್ಬನು 1359 ಎಂಬುದರಿಂದ ಹುಡುಕುತ್ತಾನೆ.

ಇಲ್ಲಿ ಒಂದು ಎಚ್ಚರಿಕೆ. ಮೇಲಿನ ಸ್ಥಾನದ ಆಸೆಯಿಂದ ಪುಟಕ್ಕೆ ಸಂಬಂಧಿಸದ ಹೆಸರುಗಳನ್ನು ತುಂಬುವುದು, ಬಿಳಿಯ ಹಿನ್ನೆಲೆಯಲ್ಲಿ ಬಿಳಿಯ ಅಕ್ಷರಗಳಿಂದ ಪದಗಳನ್ನು ಅಡಗಿಸುವುದು ಮುಂತಾದ ಉಪಾಯಗಳನ್ನು ಹೇಳಿಕೊಡುವವರಿದ್ದಾರೆ. ಶೋಧಯಂತ್ರಗಳು ಇದನ್ನು ವಂಚನೆಯೆಂದು ಗಣಿಸಿ ತಾಣವನ್ನು ಕೆಳಗಿಳಿಸುತ್ತವೆ, ಕೆಲವೊಮ್ಮೆ ಪಟ್ಟಿಯಿಂದಲೇ ತೆಗೆಯುತ್ತವೆ. ಪುಟದ ಒಳಸಂಕೇತದಲ್ಲಿ ಬರೆಯುವ 'ಕೀವರ್ಡ್ಸ್' ಎಂಬ ಪದಪಟ್ಟಿಯನ್ನು ತಾನು ಸ್ಥಾನನಿರ್ಣಯಕ್ಕೆ ಬಳಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ಸ್ಪಷ್ಟಪಡಿಸಿದೆ. ಮೊದಲ ಸ್ಥಾನದ ಭರವಸೆ ಕೊಟ್ಟು ಹಣ ಕೇಳುವವರನ್ನು ಸಂಸ್ಥೆಗಳು ದೂರವಿಡುವುದೇ ಕ್ಷೇಮ.

ಗರಿಗಳ ಛಾಯಾಚಿತ್ರಗಳನ್ನು ಮಾತ್ರ ಏರಿಸಿ ಸೂಚಿಯ ಕಾರ್ಯ ಮುಗಿಯಿತೆಂದು ಬಗೆಯುವುದು ಇನ್ನೊಂದು ಭ್ರಮೆ. ಅಚ್ಚಾದ ಪುಟದ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ಶಕ್ತಿ ಯಂತ್ರಗಳಿಗೆ ತಕ್ಕಮಟ್ಟಿಗೆ ಬಂದಿದೆ. ಕಂಠದಿಂದ ಕೊರೆದು ಮಸಿ ತುಂಬಿದ ಹಳೆಯ ಲಿಪಿಯನ್ನು ಅವು ಓದುತ್ತವೆಂದು ನೆಚ್ಚುವಂತಿಲ್ಲ. ಚಿತ್ರದ ಪಕ್ಕದಲ್ಲಿ ಪಠ್ಯರೂಪದ ವಿವರವಿರಬೇಕು. ಚಿತ್ರದ ಕಡತಕ್ಕೂ ಕ್ಯಾಮರಾ ಕೊಟ್ಟ ಅಂಕಿಗೆ ಬದಲಾಗಿ ಕ್ರಮಾಂಕವನ್ನೂ ಗರಿಯ ಸಂಖ್ಯೆಯನ್ನೂ ಸೂಚಿಸುವ ಹೆಸರಿರಬೇಕು. ಗೂಗಲ್ ಸಂಸ್ಥೆಯು ತಾಣಗಳ ಸಂಚಾರಿ ದೂರವಾಣಿಯ ರೂಪವನ್ನೇ ಆಧಾರವಾಗಿಟ್ಟುಕೊಳ್ಳುವ ಪದ್ಧತಿಗೆ ಬದಲಾಗುವುದನ್ನು 2023ರಲ್ಲಿ ಪೂರ್ಣಗೊಳಿಸಿತು. ಆದ್ದರಿಂದ ಚಿಕ್ಕ ಪರದೆಯಲ್ಲಿ ವಿವರಗಳನ್ನು ಮೊಟಕುಗೊಳಿಸುವುದು ಸಲ್ಲದು.

ಕನ್ನಡ, ಹಿಂದಿ, ಇಂಗ್ಲಿಷ್ ಈ ಮೂರರಲ್ಲಿಯೂ ಸೂಚಿಯನ್ನು ಕೊಡುವ ಸಂಸ್ಥೆಗಳು ಒಂದೊಂದು ಭಾಷೆಯ ರೂಪಕ್ಕೂ ಬೇರೆ ವಿಳಾಸವನ್ನು ಕೊಡಬೇಕು. ಒಂದೇ ವಿಳಾಸದಲ್ಲಿ ಗುಂಡಿಯನ್ನೊತ್ತಿ ಭಾಷೆಯನ್ನು ಬದಲಿಸುವ ವ್ಯವಸ್ಥೆಯಲ್ಲಿ ಯಂತ್ರವು ಸಾಮಾನ್ಯವಾಗಿ ಒಂದು ರೂಪವನ್ನಷ್ಟೇ ಕಾಣುತ್ತದೆ.

ವಿಳಾಸಗಳ ಸಮಗ್ರ ಪಟ್ಟಿಯನ್ನು 'ಸೈಟ್‌ಮ್ಯಾಪ್' ಎಂಬ ಕಡತದಲ್ಲಿ ಇರಿಸಿ ಶೋಧಯಂತ್ರಗಳಿಗೆ ಒಪ್ಪಿಸುವ ಪದ್ಧತಿಯು 2005ರಲ್ಲಿ ಗೂಗಲ್‌ನಿಂದ ಆರಂಭವಾಗಿ 2006ರಲ್ಲಿ ಇತರ ಪ್ರಮುಖ ಯಂತ್ರಗಳಿಂದಲೂ ಅಂಗೀಕೃತವಾಯಿತು. ಒಂದು ಕಡತದಲ್ಲಿ 50,000 ವಿಳಾಸಗಳಿಗೆ ಅವಕಾಶವಿರುವುದರಿಂದ ಯಾವ ಭಂಡಾರಕ್ಕಾದರೂ ಒಂದೇ ಸಾಕು. ಆದರೆ ಅದು ಕೊಂಡಿಗಳ ಜಾಲಕ್ಕೆ ಬದಲಿಯಲ್ಲ, ಪೂರಕ ಮಾತ್ರ. 1994ರಿಂದ ಬಳಕೆಯಲ್ಲಿರುವ 'ರೋಬಾಟ್ಸ್' ಎಂಬ ಮತ್ತೊಂದು ಕಡತವು ಯಾವ ಭಾಗಕ್ಕೆ ಹೋಗಬಾರದೆಂದು ಸಂಚಾರಿಗಳಿಗೆ ತಿಳಿಸುತ್ತದೆ. ತಾಣವು ಸಿದ್ಧವಾಗುತ್ತಿದ್ದಾಗ 'ಯಾರೂ ಬರಬಾರದು' ಎಂದು ಬರೆದದ್ದನ್ನು ಆ ಮೇಲೆ ಅಳಿಸಲು ಮರೆತರೆ ಇಡೀ ಭಂಡಾರವೇ ಮುಚ್ಚಿದಂತೆ. ಇದನ್ನು ಮೊದಲು ಪರೀಕ್ಷಿಸತಕ್ಕದ್ದು.

ಈ ಕಡತವನ್ನು ಬೀಗವೆಂದು ತಿಳಿಯುವುದು ಮಾತ್ರ ಅಪಾಯಕರ. ಅದು ಸೂಚನೆ, ಪಾಲಿಸುವವರು ಪಾಲಿಸುತ್ತಾರೆ. ನಿಷೇಧಿಸಿದ ಪುಟಕ್ಕೆ ಬೇರೆ ತಾಣದಿಂದ ಕೊಂಡಿಯಿದ್ದರೆ ಅದರ ವಿಳಾಸವು ಪಟ್ಟಿಯಲ್ಲಿ ಕಾಣಿಸಿಕೊಳ್ಳಲೂಬಹುದು. ಮನೆತನಗಳ ಸ್ವಾಧೀನದಲ್ಲಿರುವ ಓಲೆಗಳ ಸಮೀಕ್ಷೆ ಮಾಡುವಾಗ ಮನೆಯವರ ಹೆಸರು, ಊರು, ಕಪಾಟಿನ ವಿವರ ಇತ್ಯಾದಿಗಳು ದಾಖಲಾಗಿರುತ್ತವೆ. ಸಚಿತ್ರ ಪ್ರತಿಗಳಿಗೆ ಹಣ ಕೊಡುವ ಸಂಗ್ರಾಹಕರೂ ಶೋಧಯಂತ್ರವನ್ನು ಬಳಸಬಲ್ಲರು. ಇಂಥ ವಿವರಗಳನ್ನು ಅಡಗಿಸಿಡುವ ಉಪಾಯಕ್ಕೆ ಹೋಗದೆ ತಾಣಕ್ಕೆ ಏರಿಸದಿರುವುದೇ ಸರಿ. ವಿದ್ವಾಂಸನಿಗೆ ಬೇಕಾದುದು ಪಠ್ಯದ ವಿವರ, ಮನೆಯ ವಿವರವನ್ನು ಸಂಸ್ಥೆಯ ಮೂಲಕ ಕೇಳಿ ಪಡೆಯಬಹುದು.

ಇಷ್ಟೆಲ್ಲ ಆದ ಮೇಲೆಯೇ ಸ್ಥಾನದ ಪ್ರಶ್ನೆ. ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಇವರು 1998ರಲ್ಲಿ ಪ್ರಕಟಿಸಿದ ಗೂಗಲ್‌ನ ಮೂಲತತ್ತ್ವದಲ್ಲಿ ಒಂದು ಪುಟಕ್ಕೆ ಬರುವ ಕೊಂಡಿಗಳನ್ನು ಗ್ರಂಥೋಲ್ಲೇಖಗಳಂತೆ ಭಾವಿಸಲಾಗಿತ್ತು. ಉಲ್ಲೇಖಿಸುವ ಪುಟವು ತಾನೇ ಮಾನ್ಯವಾಗಿದ್ದರೆ ಆ ಉಲ್ಲೇಖಕ್ಕೆ ಬೆಲೆ ಹೆಚ್ಚು. ಉತ್ತರಕಾಲದ ಟೀಕಾಕಾರರು ಉದ್ಧರಿಸಿದ ಆಚಾರ್ಯನ ಮಾತಿಗೆ ಪ್ರಾಮಾಣ್ಯ ಬರುವ ಬಗೆಯನ್ನು ಬಲ್ಲವರಿಗೆ ಇದು ಹೊಸ ವಿಚಾರವೇನಲ್ಲ. ಇಂದು ಯಂತ್ರಗಳು ಇನ್ನೂ ಅನೇಕ ಅಂಶಗಳನ್ನು ಪರಿಗಣಿಸುತ್ತವೆಯಾದರೂ ಕೊಂಡಿಯ ಮಹತ್ತ್ವವು ಅಳಿದಿಲ್ಲ. ಲೇಖನಗಳಲ್ಲಿ ಪ್ರತಿಯನ್ನು ಉಲ್ಲೇಖಿಸುವಾಗ ಭಂಡಾರದ ಹೆಸರಿನೊಡನೆ ಆ ಪ್ರತಿಯ ಪುಟದ ವಿಳಾಸವನ್ನೂ ಕೊಡುವ ಪದ್ಧತಿಯನ್ನು ವಿದ್ವಾಂಸರು ಅನುಸರಿಸಿದರೆ, ಅಂತರ್ಜಾಲದಲ್ಲಿ ಪ್ರಕಟವಾದ ಅಂಥ ಪ್ರತಿಯೊಂದು ಲೇಖನದಿಂದಲೂ ಸೂಚಿಗೆ ಒಂದು ಕೊಂಡಿ ಲಭಿಸುತ್ತದೆ. ತಾಣವನ್ನು ಹೊಸದಾಗಿ ಕಟ್ಟುವಾಗ ಹಳೆಯ ವಿಳಾಸಗಳನ್ನು ಅಳಿಸಿಬಿಟ್ಟರೆ ಆ ಉಲ್ಲೇಖಗಳೆಲ್ಲ ಕಡಿದುಹೋಗುತ್ತವೆ. ಹಳೆಯ ವಿಳಾಸಕ್ಕೆ ಬಂದವನನ್ನು ಹೊಸದಕ್ಕೆ ಶಾಶ್ವತವಾಗಿ ಕಳುಹಿಸುವ ವ್ಯವಸ್ಥೆಯಿದೆ. ಅದಕ್ಕಾಗಿ ಹಳೆಯದು ಹೊಸದು ಎಂಬ ಎರಡು ಸ್ತಂಭಗಳ ಪಟ್ಟಿಯನ್ನು ಕೆಲಸ ಆರಂಭಿಸುವ ಮುನ್ನವೇ ಸಿದ್ಧಪಡಿಸಿಕೊಳ್ಳಬೇಕು.

ಫಲವನ್ನು ಪರೀಕ್ಷಿಸುವುದು ಕಷ್ಟವಲ್ಲ. ಗೂಗಲ್ ಉಚಿತವಾಗಿ ಒದಗಿಸುವ 'ಸರ್ಚ್ ಕನ್ಸೋಲ್' ಎಂಬ ಸಾಧನದಲ್ಲಿ ಎಷ್ಟು ಪುಟಗಳು ಅನುಕ್ರಮಣಿಕೆಗೆ ಸೇರಿವೆ, ಸೇರದವುಗಳಿಗೆ ಕಾರಣವೇನು, ಯಾವ ಪದಗಳಿಂದ ಹುಡುಕಿದವರಿಗೆ ತಾಣವು ಕಂಡಿತು ಎಂಬುದೆಲ್ಲ ತಿಳಿಯುತ್ತದೆ. ಸಾಧನದ ಗೊಡವೆ ಬೇಡವೆನ್ನುವವರು ಬೇರೆಬೇರೆ ವಿಷಯಗಳಿಂದ ಹತ್ತು ಪ್ರತಿಗಳನ್ನು ಆರಿಸಿ, ಒಂದೊಂದರ ಪ್ರಶಸ್ತಿಯಿಂದಲೂ ಅಪರೂಪವಾದ ನಾಲ್ಕೈದು ಪದಗಳನ್ನು ಉದ್ಧರಣಚಿಹ್ನೆಗಳ ನಡುವೆ ಬರೆದು ಹುಡುಕಲಿ. ಪುಟಗಳು ಏರಿ ಕೆಲವು ವಾರಗಳಾದ ಮೇಲೂ ಹತ್ತರಲ್ಲಿ ಒಂದೂ ಕಾಣದಿದ್ದರೆ ರೋಬಾಟ್ಸ್ ಕಡತವನ್ನೂ ಮುಖಪುಟದಿಂದ ಹೊರಡುವ ಕೊಂಡಿಗಳನ್ನೂ ಮೊದಲು ನೋಡಬೇಕು; ಕೆಲವು ಕಂಡು ಕೆಲವು ಕಾಣದಿದ್ದರೆ, ಕಾಣದವುಗಳ ಪುಟದಲ್ಲಿ ಪಠ್ಯವು ಎಷ್ಟಿದೆಯೆಂಬುದನ್ನೂ ಅಲ್ಲಿನ ಅನುಸ್ವಾರಗಳನ್ನೂ.